ದುಬಾರಿ ಗಿಟಾರ್ ಕೊಳ್ಳುವ ಮುನ್ನ

ಸುರ್, ಟಾಮ್ ಆಂಡರ್ಸನ್‌ನಂಥ ಸಣ್ಣ ತಯಾರಕರ ಎಲೆಕ್ಟ್ರಿಕ್ ಗಿಟಾರಿಗೆ ಲಕ್ಷಗಟ್ಟಲೆ ಸುರಿಯಬೇಕೆ? ಆ ದುಡ್ಡಿನ ದೊಡ್ಡ ಪಾಲು ಕೈಕೆಲಸದ್ದು: ಅಂಚು ಬೆರಳಿಗೆ ತಾಗದಂತೆ ಉಜ್ಜಿದ ಫ್ರೆಟ್‌ಗಳು, ಅಂಗೈಗೆ ಒಗ್ಗುವ ನೆಕ್, ಆಯ್ದ ಮರ. ನುಡಿಸಲು ಹಿತ, ನಿಜ. ಆದರೆ ಸ್ಪೀಕರಿನಿಂದ ಹೊರಡುವ ದನಿಯನ್ನು ಹೆಚ್ಚಾಗಿ ತಿದ್ದುವುದು ಪಿಕಪ್, ಆಂಪ್ಲಿಫೈಯರ್ ಮತ್ತು ನಿಮ್ಮ ಬೆರಳು. ಕ್ವೀನ್ ತಂಡದ ಬ್ರಯನ್ ಮೇ ಜಗತ್ತನ್ನು ಗೆದ್ದದ್ದು 1963ರಲ್ಲಿ ಅಪ್ಪನ ಜೊತೆ ಮನೆಯಲ್ಲೇ ಮಾಡತೊಡಗಿದ ಗಿಟಾರಿನಿಂದ. ಅದರ ನೆಕ್ಕಿಗೆ ಹಳೆಯ ಅಗ್ಗಿಷ್ಟಿಕೆಯ ಮರ, ಟ್ರೆಮೊಲೊಗೆ ಮೋಟಾರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗು!

ಮೊದಲು ಕೈಯಲ್ಲಿರುವ ಗಿಟಾರಿಗೇ ಸೆಟಪ್ ಮಾಡಿಸಿ. ಟ್ರಸ್ ರಾಡ್, ನಟ್, ತಂತಿಯ ಎತ್ತರ ಸರಿಹೋದರೆ ಅರ್ಧ ದೂರು ತೀರುತ್ತದೆ. ಮುಂದಿನ ಹಣ ಒಳ್ಳೆಯ ಆಂಪಿಗೆ. ಆಮೇಲೂ ಆಸೆ ಉಳಿದರೆ, ಕೈಯಾರೆ ನುಡಿಸಿ ನೋಡಿ, ಸಾಲ ಮಾಡದೆ ಕೊಳ್ಳಿ.