ಗುಡ್ಡೆ ನಮ್ಮದು, ಲಾವಾ ಮಲ್ಪೆಯದು: ಜೋಡಿ ಚಾರಣದ ಸೂತ್ರಗಳು

ಮದುವೆಯ ಗಲಾಟೆ ಮುಗಿದದ್ದೇ ತಡ ಬಾಲಿ, ಮಾರಿಷಸ್ ಎಂದು ಹೊರಡುವ ಜೋಡಿಗಳು ಈಗ ಕುಂಬಳೆ, ಬದಿಯಡ್ಕದಲ್ಲೂ ಕಡಿಮೆಯಿಲ್ಲ. ಎರಡೂ ಜ್ವಾಲಾಮುಖಿ ಕಟ್ಟಿದ ದ್ವೀಪಗಳು. ಹೋಗಬೇಡಿ ಎಂದು ಯಾರೂ ಹೇಳುವುದಿಲ್ಲ. ಆದರೆ ಇಬ್ಬರೂ ಒಟ್ಟಿಗೆ ಒಂದು ಗುಡ್ಡೆಯನ್ನಾದರೂ ಹತ್ತಿ ನೋಡದೆ ನೇರ ವಿಮಾನ ಹತ್ತುವುದು ಜಾಣತನವಲ್ಲ. ಹತ್ತಲು ಕಾಸರಗೋಡಿನಲ್ಲೇ ಗುಡ್ಡೆಗಳಿವೆ. ಲಾವಾ ನೋಡಲೇಬೇಕೆಂಬ ಹಟವಿದ್ದರೆ ಒಂದು ರೈಲು, ಒಂದು ದೋಣಿ ಸಾಕು.

1. ಪೊಸಡಿಗುಂಪೆಯಿಂದ ಶುರುಮಾಡಿ. ಪೈವಳಿಕೆ ಪಂಚಾಯತಿನ ಧರ್ಮತ್ತಡ್ಕದ ಬಳಿಯ ಈ ಗುಡ್ಡೆ ಅರ್ಧ ದಿನದ ಕೆಲಸ. ಬಿಸಿಲೇರುವ ಮೊದಲೇ ತುದಿ ಮುಟ್ಟಿ. ಆಕಾಶ ತಿಳಿಯಾಗಿದ್ದರೆ ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಘಟ್ಟದ ಸಾಲು. ನೆರಳು ಕಡಿಮೆ, ಆದ್ದರಿಂದ ಹತ್ತು ಗಂಟೆಯ ಮೇಲೆ ಅಲ್ಲಿ ಪ್ರಣಯ ಉಳಿಯುವುದಿಲ್ಲ, ತಲೆನೋವು ಮಾತ್ರ.

2. ನಿಧಾನ ನಡೆಯುವವರೇ ಮುಂದೆ. ಜೋಡಿ ಚಾರಣ ಕೆಡುವುದು ಹೆಚ್ಚಾಗಿ ಇಲ್ಲೇ. ಒಬ್ಬರು ನೂರು ಮಾರು ಮುಂದೆ ಓಡಿ ಬಂಡೆಯ ಮೇಲೆ ಕುಳಿತು ಕಾಯುತ್ತಾರೆ. ಹಿಂದಿನವರು ಏದುಸಿರು ಬಿಡುತ್ತ ತಲುಪುವಾಗ ‘ಹೋಗುವನಾ?’ ಎಂದು ಎದ್ದೇ ಬಿಡುತ್ತಾರೆ. ವಿಶ್ರಾಂತಿ ಸಿಕ್ಕಿದ್ದು ಬೇಡವಾದವರಿಗೆ, ಬೇಕಾದವರಿಗೆ ಸಿಕ್ಕಿದ್ದು ಇರಿಸುಮುರಿಸು. ನಡೆಯುತ್ತ ಮಾತಾಡಲು ಆಗುವಷ್ಟೇ ವೇಗ ಇರಲಿ. ಮಾತು ನಿಂತಿತೆಂದರೆ ಒಂದೋ ಏರು ಜಾಸ್ತಿ, ಇಲ್ಲ ಸಿಟ್ಟು ಜಾಸ್ತಿ. ಎರಡಕ್ಕೂ ಮದ್ದು ಒಂದೇ, ನಿಂತು ನೀರು ಕುಡಿಯುವುದು.

3. ಕಾಲಡಿಯ ಕಲ್ಲನ್ನು ಗುರುತಿಸಿ. ತೂತು ತೂತಾದ ನಮ್ಮ ಮುರಕಲ್ಲನ್ನು ಲಾವಾ ಎಂದುಕೊಳ್ಳುವವರಿದ್ದಾರೆ. ಅಲ್ಲ. ಬಿಸಿಲು ಮಳೆಗೆ ಮೂಲ ಶಿಲೆ ಕೊಳೆತು, ಅದರ ಸಿಲಿಕಾ ಕರಗಿ ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಉಳಿದು ಆದದ್ದು ಇದು. ಮಣ್ಣೊಳಗೆ ಇರುವಾಗ ಮೆದು, ಗಾಳಿಗೆ ಬಿದ್ದರೆ ಗಟ್ಟಿ. ಅದಕ್ಕೇ ನಮ್ಮ ಮನೆಗಳ ಗೋಡೆಗೆ ಬಂತು. 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕೆನರಾ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಚಾರಣಿಗರಿಗೆ ಬೇಕಾದ ಸಂಗತಿ ಇಷ್ಟು: ಒಣಗಿದ ಮುರಕಲ್ಲು ಶೂವನ್ನು ಕಚ್ಚಿ ಹಿಡಿಯುತ್ತದೆ, ಪಾಚಿ ಹಿಡಿದದ್ದು ಬೀಳಿಸಿಯೇ ಬಿಡುತ್ತದೆ. ಸವೆದ ಅಟ್ಟೆಯ ಚಪ್ಪಲಿ ಮನೆಯಲ್ಲೇ ಇರಲಿ.

4. ರಾಣಿಪುರಂಗೆ ಇಡೀ ದಿನ ಕೊಡಿ. ಕಾಞಂಗಾಡಿನಿಂದ ಪಾಣತ್ತೂರಿನ ದಾರಿ ಹಿಡಿದು ಸುಮಾರು 48 ಕಿಲೋಮೀಟರ್. ಸುಳ್ಯದ ಕಡೆಯವರು ಆಲೆಟ್ಟಿ ಮಾರ್ಗವಾಗಿಯೂ ಪಾಣತ್ತೂರಿಗೆ ಬರಬಹುದು. ಹಳೆಯ ಹೆಸರು ಮಾಡತ್ತುಮಲ. ವಲಸೆ ಬಂದ ಕ್ರೈಸ್ತ ಕೃಷಿಕರು 1970ರ ಸುಮಾರಿಗೆ ಇಲ್ಲಿ ನೆಲೆಯೂರಿದ ಮೇಲೆ ರಾಣಿಪುರಂ ಆಯಿತು. ಅರಣ್ಯ ಇಲಾಖೆಯ ಟಿಕೆಟ್ ತೆಗೆದುಕೊಂಡು ಒಳಹೊಕ್ಕರೆ ಮೊದಲು ಕಾಡು, ಆಮೇಲೆ ಒಮ್ಮೆಲೇ ತೆರೆದುಕೊಳ್ಳುವ ಹುಲ್ಲುಗಾವಲು, ಮಡಿಕೆಗಳಲ್ಲಿ ಶೋಲಾ ಕಾಡು. ಆಚೆ ಬದಿ ಕೊಡಗಿನ ತಲಕಾವೇರಿ ವನ್ಯಧಾಮ. ಆನೆಗಳಿಗೆ ರಾಜ್ಯಗಳ ಗಡಿ ಗೊತ್ತಿಲ್ಲ. ಮಳೆ ಜೋರಾದರೆ, ಆನೆ ಇಳಿದರೆ ಪ್ರವೇಶ ನಿಲ್ಲಿಸುವುದುಂಟು. ಹೊರಡುವ ಮುನ್ನ ವಿಚಾರಿಸಿ, ಸಿಬ್ಬಂದಿ ಬೇಡವೆಂದರೆ ವಾದ ಮಾಡಬೇಡಿ. ಜೋಡಿಯಾಗಿ ಹೋದವರು ಏಕಾಂತ ಹುಡುಕಿ ದಾರಿ ಬಿಟ್ಟು ಒಳಹೋಗುವುದಂತೂ ಬೇಡವೇ ಬೇಡ.

5. ಉಂಬಳ ಕಚ್ಚಿದರೆ ಕಿರುಚಬೇಡಿ, ಎಳೆಯಲೂ ಬೇಡಿ. ಉಪ್ಪು ಮುಟ್ಟಿಸಿದರೆ ತಾನಾಗಿ ಬೀಳುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಅದರ ಜೊಲ್ಲಿನಲ್ಲಿರುವುದರಿಂದ ಬಿದ್ದ ಮೇಲೂ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ. ಒತ್ತಿ ಹಿಡಿಯಿರಿ, ಸಾಕು. ಉದ್ದ ಸಾಕ್ಸ್‌ನೊಳಗೆ ಪ್ಯಾಂಟಿನ ತುದಿ ಸಿಕ್ಕಿಸಿದವರು ಚಂದ ಕಾಣುವುದಿಲ್ಲ, ಆದರೆ ನೆಮ್ಮದಿಯಾಗಿರುತ್ತಾರೆ.

6. ಬುತ್ತಿ ಒಂದೇ ಚೀಲದಲ್ಲಿ ಬೇಡ. ನೀರು, ತಿಂಡಿ ಇಬ್ಬರಲ್ಲೂ ಇರಲಿ. ಅವಲಕ್ಕಿ, ಬಾಳೆಹಣ್ಣು, ಉಪ್ಪು ಹಾಕಿದ ಮಜ್ಜಿಗೆ ನೀರು. ಬೆವರಿನಲ್ಲಿ ಹೋದ ಉಪ್ಪನ್ನು ಬರೀ ನೀರು ತುಂಬಿಕೊಡುವುದಿಲ್ಲ.

7. ಈಗ ದ್ವೀಪ. ನೇತ್ರಾವತಿ ಎಕ್ಸ್‌ಪ್ರೆಸ್ ಕಾಸರಗೋಡಿನಲ್ಲೂ ಉಡುಪಿಯಲ್ಲೂ ನಿಲ್ಲುತ್ತದೆ. ಉಡುಪಿಯಲ್ಲಿ ಇಳಿದು ಮಲ್ಪೆಗೆ ಹೋಗಿ ದೋಣಿ ಹತ್ತಿದರೆ ಸೈಂಟ್ ಮೇರೀಸ್ ದ್ವೀಪ. ಅಪ್ಪಟ ಜ್ವಾಲಾಮುಖಿಯ ಕಲ್ಲು. ಇದನ್ನೂ ದಖನ್ನಿನ ಲಾವಾವನ್ನೂ ಒಂದೇ ಎನ್ನುವುದು ತಪ್ಪು. ದಖನ್ನಿನ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಈ ಕಲ್ಲು ಅದಕ್ಕಿಂತ ಎರಡು ಕೋಟಿ ವರ್ಷವಾದರೂ ಹಿರಿಯದು, ಭಾರತ ಮಡಗಾಸ್ಕರ್‌ನಿಂದ ಬೇರೆಯಾಗುತ್ತಿದ್ದ ಕಾಲದ್ದು. ಲಾವಾ ತಣಿಯುವಾಗ ಕುಗ್ಗಿ, ಸೀಳಿ, ಐದಾರು ಮುಖದ ಕಂಬಗಳಾಗಿ ನಿಂತಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಹತ್ತಲು ಇಲ್ಲಿ ಬೆಟ್ಟವಿಲ್ಲ, ಅತಿ ಎತ್ತರದ ಜಾಗವೂ ಕಡಲಿಗಿಂತ ಹತ್ತು ಮೀಟರ್ ಆಸುಪಾಸು. ಇದು ನಿಧಾನವಾಗಿ ಸುತ್ತಿ, ಕೂತು ನೋಡಬೇಕಾದ ತಾಣ. ಮಳೆಗಾಲದಲ್ಲಿ ದೋಣಿ ಇಲ್ಲ, ರಾತ್ರಿ ತಂಗಲು ಬಿಡುವುದಿಲ್ಲ. ಅಲೆ ಹೊಡೆಯುವ ಕಂಬಗಳ ತುದಿಯಲ್ಲಿ ನಿಂತು ಸೆಲ್ಫಿ ಎಂದವರನ್ನು ಕೈಹಿಡಿದು ಈಚೆಗೆ ಎಳೆಯಿರಿ. ಜೋಡಿಯಾಗಿ ಹೋಗುವುದರ ಪ್ರಯೋಜನ ಅದೂ ಹೌದು.

8. ಖರ್ಚಿನ ಲೆಕ್ಕ ಒಬ್ಬರದು, ದಾರಿ ನೋಡುವ ಕೆಲಸ ಇನ್ನೊಬ್ಬರದು. ಮರುದಿನ ಅದಲುಬದಲು.

9. ಬಾಲಿ ಇನ್ನೂ ತಲೆಯಲ್ಲಿದೆಯೇ? ಹಾಗಾದರೆ ಹೋಗಿ. ಅಲ್ಲಿನ ಬಾಟೂರ್ ಬೆಟ್ಟ 1,717 ಮೀಟರ್, ಸೂರ್ಯೋದಯಕ್ಕೆಂದು ಕತ್ತಲಲ್ಲೇ ಹತ್ತಿಸುತ್ತಾರೆ; ರಾಣಿಪುರಂ ಏರಿ ಇಳಿದ ಮರುದಿನ ಮೊಣಕಾಲು ಹಿಡಿಯದಿದ್ದರೆ ನಿಮಗೆ ಕಷ್ಟವಾಗಲಾರದು. ಪಕ್ಕದ ಲೊಂಬೊಕ್ ದ್ವೀಪದ ರಿಂಜಾನಿ ಬೇರೆಯೇ ಲೆಕ್ಕ, 3,726 ಮೀಟರ್, ಡೇರೆಯಲ್ಲಿ ರಾತ್ರಿ ಕಳೆಯಬೇಕು. ಇವೆರಡೂ ಜೀವಂತ ಜ್ವಾಲಾಮುಖಿಗಳು. ಇಂಡೊನೇಷ್ಯಾ ಸರಕಾರ ಒಂದೊಂದು ಬೆಟ್ಟಕ್ಕೂ ನಾಲ್ಕು ಹಂತದ ಎಚ್ಚರಿಕೆ ಪ್ರಕಟಿಸುತ್ತದೆ. ಟಿಕೆಟ್ ಮಾಡುವಾಗ ಒಮ್ಮೆ, ಹತ್ತುವ ಹಿಂದಿನ ದಿನ ಇನ್ನೊಮ್ಮೆ ಅದನ್ನು ನೋಡಿ. ಮೂರನೆಯ ಹಂತ ಅಥವಾ ಅದಕ್ಕೂ ಮೇಲೆ ಎಂದಿದ್ದರೆ ಮಾರ್ಗದರ್ಶಿ ಏನೇ ಹೇಳಲಿ, ಆ ದಿನ ಕಡಲ ಕಡೆ ನಡೆಯಿರಿ.