ವಿಮಾನದಲ್ಲಿ ಒಳ್ಳೆಯ ಸೀಟು ಯಾರಿಗೆ?

ಮನೆಮಂದಿಯೆಲ್ಲ ಸೇರಿ ವಿಮಾನದಲ್ಲಿ ಹೊರಟಾಗ ಯಾರು ಎಲ್ಲಿ ಕೂರಬೇಕೆಂಬುದನ್ನು ಟಿಕೆಟ್ ಮಾಡಿಸುವಾಗಲೇ ತೀರ್ಮಾನಿಸಿಬಿಡಿ. ನಮ್ಮಲ್ಲಿ ಹೆಚ್ಚಾಗಿ ಹಾರಾಡುವ ಏರ್‌ಬಸ್ ಎ320ಯಂಥ ವಿಮಾನಗಳಲ್ಲಿ ನಡುದಾರಿಯ ಎರಡೂ ಬದಿಗೆ ಮೂರು ಮೂರು ಸೀಟು. ಮಂಡಿನೋವಿನ ಅಜ್ಜಿಗೆ, ಪದೇ ಪದೇ ಶೌಚಾಲಯಕ್ಕೆ ಏಳಬೇಕಾದ ತಾತನಿಗೆ ದಾರಿಯ ಪಕ್ಕದ ಸೀಟೇ ಸರಿ. ಗೌರವವೆಂದು ಅವರನ್ನು ಕಿಟಕಿಗೆ ಕೂರಿಸಬೇಡಿ. ಪ್ರತಿ ಸಲ ಇಬ್ಬರನ್ನು ಎಬ್ಬಿಸಬೇಕಲ್ಲ ಎಂಬ ಸಂಕೋಚಕ್ಕೆ ಎಷ್ಟೋ ಹಿರಿಯರು ನೀರು ಕುಡಿಯುವುದನ್ನೇ ಬಿಟ್ಟುಬಿಡುತ್ತಾರೆ. ಕಾಲು ಚಾಚಲು ಜಾಗವಿದೆಯೆಂದು ತುರ್ತು ಬಾಗಿಲಿನ ಸಾಲನ್ನೂ ಅವರಿಗಾಗಿ ಆರಿಸಬೇಡಿ. ಅಲ್ಲಿ ಕೂತವರು ಅಪಾಯದ ವೇಳೆ ಬಾಗಿಲು ತೆರೆಯಲು ಶಕ್ತರಿರಬೇಕು. ಮಕ್ಕಳಿಗೂ ಗರ್ಭಿಣಿಯರಿಗೂ ಆ ಸೀಟು ಕೊಡುವುದಿಲ್ಲ.

ಕಿಟಕಿ ಮಕ್ಕಳದು. ಇಬ್ಬರಿದ್ದರೆ ಹೋಗುವಾಗ ಒಬ್ಬರಿಗೆ, ಬರುವಾಗ ಇನ್ನೊಬ್ಬರಿಗೆ. 12 ವರ್ಷದೊಳಗಿನ ಮಗುವಿಗೆ ಅದೇ ಪಿಎನ್‌ಆರ್‌ನಲ್ಲಿರುವ ಅಪ್ಪನ ಅಥವಾ ಅಮ್ಮನ ಜೊತೆಗೇ ಸೀಟು ಕೊಡಬೇಕೆಂದು ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ 2024ರಲ್ಲಿ ವಿಮಾನ ಸಂಸ್ಥೆಗಳಿಗೆ ಸೂಚಿಸಿದೆ. ಆದ್ದರಿಂದ ಎಲ್ಲರ ಟಿಕೆಟನ್ನೂ ಒಟ್ಟಿಗೇ ಮಾಡಿಸಿ.

ಇನ್ನು ಇಬ್ಬರ ನಡುವಿನ ಇಕ್ಕಟ್ಟಿನ ಸೀಟು. ಅದು ಸಾಮಾನ್ಯವಾಗಿ ಅಮ್ಮನ ಪಾಲಿಗೇ ಬರುತ್ತದೆ, ಗಮನಿಸಿದ್ದೀರಾ? ತನಗೆ ಯಾವುದು ಬೇಕೆಂದು ಆಕೆ ಬಾಯಿಬಿಟ್ಟು ಹೇಳುವುದಿಲ್ಲ. ಈ ಸಲ ನೀವೇ ಕೇಳಿ.