ಹೊಟ್ಟೆಯೊಳಗಿನ ಕಾವಲು

ಅಕ್ಕ-ತಂಗಿಯರೇ, 2022ರ ಬೇಸಿಗೆ ನೆನಪಿದೆಯಾ? ರಾಯಚೂರು ನಗರದಲ್ಲಿ ನಲ್ಲಿ ನೀರು ಕೆಟ್ಟಿತು. ಬಹಳ ಜನಕ್ಕೆ ವಾಂತಿ-ಭೇದಿ ಆಯಿತು. ಕೆಲವರು ಸತ್ತೇ ಹೋದರು. 2023ರ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲೂ ಹೀಗೇ ಆಯಿತು. ಒಂದು ಮಗು ತೀರಿಕೊಂಡಿತು. ಮಾನ್ವಿ ಕಡೆ ಕಾಲುವೆ ನೀರನ್ನು ಕೆರೆಗೆ ತುಂಬಿಸಿ ಕುಡಿಯುತ್ತೇವೆ. ಅಲ್ಲಿಯೂ ಎಚ್ಚರ ಬೇಕು.

ಒಂದೇ ಕೊಡದ ನೀರು. ಮನೆಯವರೆಲ್ಲ ಕುಡಿದೆವು. ಒಬ್ಬರಿಗೆ ಭೇದಿ ಆಯಿತು, ಇನ್ನೊಬ್ಬರಿಗೆ ಆಗಲಿಲ್ಲ. ಯಾಕೆ?

ನಮ್ಮ ಕರುಳನ್ನು ಒಂದು ಹೊಲ ಎಂದು ತಿಳಿಯೋಣ. ಹೊಲಕ್ಕೆ ಬೇಲಿ ಇರುತ್ತದೆ. ಕರುಳಿನ ಒಳಗೆ ಲೋಳೆ ಇದೆ. ಅದೇ ಬೇಲಿ. ಹೊಲಕ್ಕೆ ಹಂದಿ ನುಗ್ಗಿದರೆ ಕಾವಲುಗಾರ ಕೂಗು ಹಾಕ್ತಾನೆ. ಊರವರು ಓಡಿ ಬರ್ತಾರೆ. ಕರುಳಿನ ಗೋಡೆಯಲ್ಲೂ ಇಂಥ ಕಾವಲುಗಾರರು ಇದ್ದಾರೆ. ಅವು ಕಣ್ಣಿಗೆ ಕಾಣದ ಜೀವಕೋಶಗಳು. ರೋಗಾಣು ಬಂದದ್ದನ್ನು ಅವು ಗುರುತಿಸುತ್ತವೆ. ಒಂದು ಬಗೆಯ ರಸ ಬಿಟ್ಟು ಸುದ್ದಿ ಕಳಿಸುತ್ತವೆ. ಆ ಸುದ್ದಿ ಕೇಳಿ ಬಿಳಿ ರಕ್ತಕಣಗಳು ಓಡಿ ಬರುತ್ತವೆ. ರೋಗಾಣುಗಳನ್ನು ನುಂಗಿ ಹಾಕುತ್ತವೆ.

ರೋಗಾಣು ಬಹಳ ಇದ್ದರೆ ಕಾವಲು ಸೋಲುತ್ತದೆ. ಹೊಟ್ಟೆ ತುಂಬಾ ಉಣ್ಣದ ಕೂಸಿನ ಕಾವಲು ಬೇಗ ಸೋಲುತ್ತದೆ. ಆಗ ಮೈಯೊಳಗಿನ ನೀರು, ಉಪ್ಪು ಭೇದಿಯಾಗಿ ಹೊರಗೆ ಹೋಗುತ್ತವೆ. ಜೀವಕ್ಕೆ ಅಪಾಯ ಇರುವುದು ಇದರಿಂದಲೇ.

“ಭೇದಿ ಆದಾಗ ನೀರು ಕೊಡಬಾರದು” ಎಂದು ಕೆಲವರು ಹೇಳ್ತಾರೆ. ಅದು ತಪ್ಪು. ಹೋದ ನೀರನ್ನು ಮತ್ತೆ ತುಂಬಬೇಕು.

ನಾವು ಏನು ಮಾಡೋಣ?

ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಓ.ಆರ್.ಎಸ್. ಪೊಟ್ಟಣ 1 ಹಾಕೋಣ. ಆಗಾಗ ಗುಟುಕು ಗುಟುಕಾಗಿ ಕುಡಿಸೋಣ. 24 ಗಂಟೆ ಆದರೆ ಉಳಿದದ್ದು ಚೆಲ್ಲೋಣ. ಪೊಟ್ಟಣ ಸಿಗದಿದ್ದರೆ 1 ಲೀಟರ್ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕೋಣ. ಚಮಚ ಸಮನಾಗಿರಲಿ, ಮೇಲೆ ಗುಡ್ಡೆ ಬೇಡ.

ಎಳೆಕೂಸಿಗೆ ಎದೆಹಾಲು ನಿಲ್ಲಿಸಬಾರದು. ಹೆರಿಗೆಯಾದ ಕೂಡಲೇ ಬರುವ ಹಳದಿ ಹಾಲನ್ನೂ ಹಿಂಡಿ ಚೆಲ್ಲಬಾರದು. ಅದರಲ್ಲಿ ಕೂಸಿನ ಕರುಳಿಗೆ ಕಾವಲು ಇದೆ. ಆಶಾ ಅಕ್ಕನ ಹತ್ತಿರ ಸತುವಿನ ಮಾತ್ರೆ ಕೇಳೋಣ. ಭೇದಿ ನಿಂತರೂ ಮಕ್ಕಳಿಗೆ 14 ದಿನ ಕೊಡೋಣ.

ಭೇದಿಯಲ್ಲಿ ರಕ್ತ ಬಂದರೆ, ಕಣ್ಣು ಒಳಗೆ ಹೋದರೆ, ಕೂಸು ಮಂಕಾದರೆ, ಕುಡಿದದ್ದು ನಿಲ್ಲದಿದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗೋಣ.

ನೀರು ಕುದಿಸೋಣ. ಕೊಡ ಮುಚ್ಚೋಣ. ಸೋಪು ಹಚ್ಚಿ ಕೈ ತೊಳೆಯೋಣ. ಹೊರಗಿನ ಕಾವಲು ನಮ್ಮದು. ಒಳಗಿನ ಕಾವಲು ಕರುಳಿನದು.

ಓದಿ, ಉತ್ತರ ಬರೆಯಿರಿ:
1. ಕರುಳಿನ ಬೇಲಿ ಯಾವುದು?
2. ಕಾವಲುಗಾರರ ಸುದ್ದಿ ಕೇಳಿ ಯಾರು ಓಡಿ ಬರುತ್ತಾರೆ?
3. ನಿಮ್ಮ ಮನೆಯ ನೀರು ಎಲ್ಲಿಂದ ಬರುತ್ತದೆ?